ಹಾರ್ಟಿಂಗ್ಟನ್ ಒಲ್ಲೆನೆಂದ ಪಟ್ಟ

ಗೆಳೆಯಾ,

'ಲಾರ್ಡ್ ಅಂತೀಯ, ಮತ್ತೆ ಕಾಮನ್ಸ್‌ನಲ್ಲಿ ಕೂತಿದ್ದ ಅಂತೀಯ' ಎಂದು ಕೇಳಿದ್ದೆಯಲ್ಲ, ಮೊದಲು ಆ ಗಂಟು ಬಿಡಿಸುತ್ತೇನೆ. ಕಾಮನ್ಸ್ ಅಂದರೆ ಬ್ರಿಟನ್ ಸಂಸತ್ತಿನ ಚುನಾಯಿತ ಸಭೆ; ಲಾರ್ಡ್ಸ್ ಸಭೆಯವರಿಗೆ ಅಲ್ಲಿ ಜಾಗವಿರಲಿಲ್ಲ. ಹಾರ್ಟಿಂಗ್ಟನ್ ಮಾರ್ಕ್ವೆಸ್ ಎಂಬುದು ಬ್ರಿಟಿಷ್ ರಾಜಕಾರಣಿ ಸ್ಪೆನ್ಸರ್ ಕ್ಯಾವೆಂಡಿಶ್‌ನನ್ನು ಮರ್ಯಾದೆಗೆ ಕರೆಯುತ್ತಿದ್ದ ಹೆಸರು. ಡ್ಯೂಕ್‌ನ ಹಿರಿಮಗ ಅಪ್ಪನ ಕೆಳಗಿನ ಬಿರುದೊಂದನ್ನು ಇಟ್ಟುಕೊಳ್ಳುವುದು ವಾಡಿಕೆ. ಅಪ್ಪ ಇರುವ ತನಕ ಕಾನೂನಿಗೆ ಅವನೂ ಸಾಮಾನ್ಯ ಪ್ರಜೆಯೇ. ಹಾಗಾಗಿ 1857ರಲ್ಲಿ ಚುನಾವಣೆ ಗೆದ್ದ. 1868ರಲ್ಲಿ ನಾರ್ತ್ ಲ್ಯಾಂಕಶೈರ್ ಕ್ಷೇತ್ರ ಅವನನ್ನು ಸೋಲಿಸಿತು. ಮಾರನೇ ವರ್ಷ ವೇಲ್ಸ್‌ನ ಸಣ್ಣ ಕ್ಷೇತ್ರವೊಂದರಿಂದ ಒಳಬಂದ. 1891ರ ಡಿಸೆಂಬರ್‌ನಲ್ಲಿ ಅಪ್ಪ ತೀರಿಕೊಂಡದ್ದೇ ತಡ, ಇವನು ಎಂಟನೇ ಡೆವನ್‌ಶೈರ್ ಡ್ಯೂಕ್. ಕಾಮನ್ಸ್ ಸ್ಥಾನ ತಾನಾಗಿಯೇ ಹೋಯಿತು. ರಾಸೆಂಡೇಲ್ ಉಪಚುನಾವಣೆಯಲ್ಲಿ ಅದು ಲಿಬರಲ್ ನಾಯಕ ಗ್ಲ್ಯಾಡ್‌ಸ್ಟನ್ ಕಡೆಯವರ ಪಾಲಾಯಿತು.

ಪ್ರಧಾನಿ ಪಟ್ಟವನ್ನು ಮೂರು ಸಲ ಬಿಟ್ಟದ್ದು ವೈರಾಗ್ಯದಿಂದಲ್ಲ, ತನ್ನ ಬೆನ್ನಿಗೆ ಯಾರು, ಎಷ್ಟು ಜನ ಎಂದು ಲೆಕ್ಕ ಹಾಕಿ. 1880ರಲ್ಲಿ ವಿಕ್ಟೋರಿಯಾ ರಾಣಿ ಕರೆಸಿದ್ದು ಇವನನ್ನೇ, ಗ್ಲ್ಯಾಡ್‌ಸ್ಟನ್ ಅಂದರೆ ಅವಳಿಗೆ ಆಗುತ್ತಿರಲಿಲ್ಲ. ಗ್ಲ್ಯಾಡ್‌ಸ್ಟನ್ ಯಾರ ಕೈಕೆಳಗೂ ಕೂರುವವರಲ್ಲ ಎಂದು ಇವನು ಹೇಳಿದ. ಹೋಗಿ ಕೇಳಿಕೊಂಡು ಬಾ ಎಂದಳು. ಕೇಳಿದ; ಒಲ್ಲೆ ಎಂಬ ಉತ್ತರವೇ ಬಂತು. 1886ರಲ್ಲಿ ಐರ್ಲೆಂಡಿನ ಹೋಮ್ ರೂಲ್ (ಸ್ವಂತ ಆಡಳಿತ) ವಿಷಯಕ್ಕೆ ಲಿಬರಲ್ ಪಕ್ಷ ಒಡೆಯಿತು. ನೀವೇ ಪ್ರಧಾನಿಯಾಗಿ, ನಾನು ನಿಮ್ಮ ಕೆಳಗಿರುತ್ತೇನೆ ಎಂದು ಕನ್ಸರ್ವೇಟಿವ್ ನಾಯಕ ಸಾಲಿಸ್‌ಬರಿ ಮುಂದೆ ಬಂದ. ಆದರೆ ಹೋಮ್ ರೂಲ್ ಒಲ್ಲದೆ ಪಕ್ಷ ಬಿಟ್ಟು ಇವನ ಬೆನ್ನಿಗಿದ್ದ ಲಿಬರಲ್ ಯೂನಿಯನಿಸ್ಟರು ಎಂಬತ್ತರೊಳಗೆ, ಕನ್ಸರ್ವೇಟಿವರು ಮುನ್ನೂರರ ಮೇಲೆ. ಕುರ್ಚಿ ಇವನದು, ಲಗಾಮು ಅವರದು ಎಂದಾಗುತ್ತಿತ್ತು. ರ‍್ಯಾಂಡಾಲ್ಫ್ ಚರ್ಚಿಲ್ ಖಜಾನೆ ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟ ಮೇಲೆ, 1887ರ ಆರಂಭದಲ್ಲಿ ಮತ್ತೆ ಕರೆ ಬಂತು. ಆಗಲೂ ಇವನ ಪಾಳೆಯದ ಗೋಶೆನ್ ಖಜಾನೆ ಮಂತ್ರಿಯಾಗಿ ಒಳಹೋದ, ಇವನು ಹೊರಗೇ ಉಳಿದ. ಮಾತಿನ ಮಲ್ಲನೂ ಅಲ್ಲ. ತನ್ನದೇ ಭಾಷಣದ ನಡುವೆ ಆಕಳಿಸಿದನಂತೆ.

ನಮ್ಮ ಕಡೆಗೂ ಒಂದು ಎಳೆ ಇದೆ. 1881ರ ಮಾರ್ಚ್ 25ರಂದು ಮೈಸೂರು ಚಾಮರಾಜೇಂದ್ರ ಒಡೆಯರ ಕೈಗೆ ಮರಳಿದಾಗ ಲಂಡನ್ನಿನಲ್ಲಿ ಇಂಡಿಯಾ ಖಾತೆ ಹಾರ್ಟಿಂಗ್ಟನ್ನನದು. ಶ್ರೇಯವನ್ನೆಲ್ಲ ಅವನ ತಲೆಗೆ ಕಟ್ಟಬೇಡ, ರಾಜ್ಯ ಮರಳಿಸುವ ತೀರ್ಮಾನ 1867ರಲ್ಲೇ ಆಗಿತ್ತು.

ಇನ್ನು ಅಪ್ಪನಿಂದ ಇವನಿಗೆ ಬಂದ ಸಾಲದ ಮಾತು. 1883ರ ಭೂಮಾಲೀಕರ ಪಟ್ಟಿಯಲ್ಲಿ ಅಪ್ಪನ ಹೆಸರಿಗಿರುವುದು 1,98,572 ಎಕರೆ, ವರ್ಷಕ್ಕೆ 1,80,750 ಪೌಂಡ್. ಇದು ಒಟ್ಟು ಹುಟ್ಟುವಳಿ ಕಣೋ, ಬಡ್ಡಿ, ರಿಪೇರಿ, ಮನೆಮಂದಿಯ ವರ್ಷಾಶನ ಕಳೆದು ಉಳಿದದ್ದಲ್ಲ. ಅಪ್ಪ ಇಂಗ್ಲೆಂಡಿನ ಬ್ಯಾರೋ ಊರಿನ ಉಕ್ಕು, ಹಡಗು, ಸೆಣಬಿನ ಕಂಪನಿಗಳಿಗೆ ದುಡ್ಡು ಸುರಿದಿದ್ದ. 1870ರ ದಶಕದಲ್ಲಿ ಅವು ಕುಸಿದಾಗ, ಹಾಕಿದ್ದನ್ನು ಉಳಿಸಿಕೊಳ್ಳಲು ಇನ್ನಷ್ಟು ಹಾಕಿದ. ಅದೇ ಹೊತ್ತಿಗೆ ಅಮೆರಿಕದ ಅಗ್ಗದ ಗೋಧಿ ಬಂದು ಗೇಣಿಯೂ ಇಳಿಯಿತು. ಮಗನಿಗೆ ಚಾಟ್ಸ್‌ವರ್ತ್ ಅರಮನೆಯ ಜೊತೆಗೇ ಸುಮಾರು 20 ಲಕ್ಷ ಪೌಂಡ್ ಸಾಲವೂ ಬಂತು. ಐರ್ಲೆಂಡ್ ಮತ್ತು ಡರ್ಬಿಶೈರ್‌ನ ಜಮೀನು ಮಾರಿ ಅದರ ಬಹುಪಾಲು ತೀರಿಸಿದ.