ಟಿವಿ ಜಾಹೀರಾತಿನಲ್ಲಿ ಪ್ಯಾನೆಲ್‌ನ ಅಸಲಿ ಹರ್ಟ್ಸ್ ಬರೆಯಲಿ

ಮಾನ್ಯರೆ,

ಚೌತಿ ಮುಗಿದು ದೀಪಾವಳಿ ಹತ್ತಿರವಾಗುತ್ತಿದ್ದಂತೆ ಕಾರವಾರ, ಕುಮಟಾ, ಶಿರಸಿಯ ಅಂಗಡಿಗಳ ಟಿವಿ ಜಾಹೀರಾತು ನಿಮ್ಮ ಜಿಲ್ಲಾ ಪುಟವನ್ನು ತುಂಬುತ್ತಿವೆ. 32 ಇಂಚು ಮೀರಿದ ಟಿವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರ ಬದಲು ಶೇ 18 ಆದದ್ದರಿಂದ 43 ಇಂಚು ಕೇಳಲು ಹೋದವರಿಗೂ 55 ಕೈಗೆಟುಕುವಂತೆ ಕಾಣುತ್ತದೆ. ಮನೆಯಲ್ಲಿ ಪ್ಲೇಸ್ಟೇಷನ್ (ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರ) ಇಟ್ಟುಕೊಂಡ ಮಕ್ಕಳು ಅಪ್ಪನನ್ನು ಎಳೆದುಕೊಂಡು ಬಂದು ‘ಗೇಮಿಂಗ್ ಟಿವಿ’ ಕೇಳುವುದು ಈಗ ಮಾಮೂಲು. ಜಾಹೀರಾತಿನಲ್ಲಿ ಬೆಲೆ ಇದೆ, ಇಎಂಐ ಇದೆ, ಉಚಿತ ಕೊಡುಗೆ ಇದೆ. ಆಟಕ್ಕೂ ಚಿತ್ರಕ್ಕೂ ನಿಜವಾಗಿ ಬೇಕಾದ ನಾಲ್ಕು ಸಂಗತಿ ಮಾತ್ರ ಇಲ್ಲ: ಪ್ಯಾನೆಲ್‌ನ, ಅಂದರೆ ಚಿತ್ರ ಮೂಡುವ ಪರದೆಯ, ಅಸಲಿ ರಿಫ್ರೆಶ್ ರೇಟ್ ಎಷ್ಟು, ಯಾವ ಎಚ್‌ಡಿಎಂಐ ಪೋರ್ಟ್ (ಹೊರಗಿನ ಯಂತ್ರದ ಚಿತ್ರ, ಶಬ್ದ ಟಿವಿಗೆ ಬರುವ ಕಿಂಡಿ) ಏನನ್ನು ತೆಗೆದುಕೊಳ್ಳುತ್ತದೆ, ಗರಿಷ್ಠ ಬೆಳಕು ಎಷ್ಟು ನಿಟ್ಸ್ (ಬೆಳಕಿನ ಅಳತೆ), ಪರದೆಯ ಹಿಂದಿನ ಬೆಳಕಾದ ಬ್ಯಾಕ್‌ಲೈಟ್ ಯಾವ ಬಗೆಯದು. ಇವನ್ನು ಮುದ್ರಿಸಿ ಎಂದು ಅಂಗಡಿಯವರನ್ನು ಪತ್ರಿಕೆಯೇ ಕೇಳಬೇಕು ಎಂಬುದು ಈ ಪತ್ರದ ಕೋರಿಕೆ.

ಜನ ಹೆಚ್ಚು ಏಮಾರುವುದು ರಿಫ್ರೆಶ್ ರೇಟ್‌ನಲ್ಲಿ. ಪರದೆ ಸೆಕೆಂಡಿಗೆ ಎಷ್ಟು ಸಲ ಹೊಸ ಚಿತ್ರ ಬರೆಯುತ್ತದೆ ಎಂಬುದೇ ಹರ್ಟ್ಸ್ ಲೆಕ್ಕ. 60 ಹರ್ಟ್ಸ್ ಪ್ಯಾನೆಲ್‌ನಲ್ಲಿ ಒಂದು ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 120ರಲ್ಲಿ 8.3. ಪೆಟ್ಟಿಗೆಯ ಮೇಲೆ ‘ಮೋಷನ್ ರೇಟ್ 240’ ಎಂದೋ ‘ಎಂಇಎಂಸಿ 120’ ಎಂದೋ ಇದ್ದರೆ ಅದು ಪ್ಯಾನೆಲ್‌ನ ವೇಗವಲ್ಲ. ಎರಡು ಚಿತ್ರಗಳ ನಡುವೆ ಟಿವಿಯೇ ಊಹಿಸಿ ಸೇರಿಸುವ ಚಿತ್ರಗಳನ್ನೂ ಹಿಡಿದು ಹೇಳುವ ಸಂಖ್ಯೆ. ಕ್ರಿಕೆಟ್ ನೋಡಲು ಅಡ್ಡಿಯಿಲ್ಲ. ಆಟಕ್ಕೆ ಅದು ಬೇಡವೇ ಬೇಡ. ನಡುವಿನ ಚಿತ್ರ ಕಟ್ಟಬೇಕಾದರೆ ಮುಂದಿನ ಚಿತ್ರ ಬರುವವರೆಗೆ ಟಿವಿ ಕಾಯಬೇಕು; ಒತ್ತಿದ ಗುಂಡಿಯ ಫಲ ಅಷ್ಟು ತಡವಾಗಿ ಕಾಣುತ್ತದೆ. ಚಿತ್ರ ತಿದ್ದುವ ಇಂಥ ಕೆಲಸ ನಿಲ್ಲಿಸುವ ‘ಗೇಮ್ ಮೋಡ್’ ಹಾಕದಿದ್ದರೆ ಈ ವಿಳಂಬ 100 ಮಿಲಿಸೆಕೆಂಡ್ ದಾಟುವ ಟಿವಿಗಳೂ ಇವೆ. ಗೇಮ್ ಮೋಡ್‌ನಲ್ಲಿ ಒಳ್ಳೆಯ ಟಿವಿ 60 ಹರ್ಟ್ಸ್‌ನಲ್ಲಿ 10ರಿಂದ 15 ಮಿಲಿಸೆಕೆಂಡ್ ಆಸುಪಾಸಿನಲ್ಲಿರುತ್ತದೆ.

ಇದಕ್ಕಿಂತ ನಾಜೂಕಾದ ಕಿತಾಪತಿ ‘ಡಿಎಲ್‌ಜಿ (ಡ್ಯುಯಲ್ ಲೈನ್ ಗೇಟ್) 120’. 4ಕೆ ಪರದೆಯಲ್ಲಿ 2160 ಅಡ್ಡಸಾಲುಗಳಿವೆ. 60 ಹರ್ಟ್ಸ್ ಪ್ಯಾನೆಲ್‌ನ ಎರಡೆರಡು ಸಾಲುಗಳನ್ನು ಜೋಡಿಯಾಗಿ ಒಮ್ಮೆಗೇ ಬರೆದರೆ ಅರ್ಧ ಸಮಯ ಸಾಕು, 120 ಸಿಕ್ಕಿತು. ಆದರೆ ಆಗ ಮೇಲಿಂದ ಕೆಳಗೆ ಉಳಿಯುವುದು 1080 ಸಾಲಿನ ವಿವರ ಮಾತ್ರ. ಸಣ್ಣ ಅಕ್ಷರಗಳ ಅಂಚು ಗರಗಸದ ಹಲ್ಲಿನಂತೆ ಕಾಣುತ್ತದೆ. ವೇಗದ ಶೂಟಿಂಗ್ ಆಟಕ್ಕೆ ಇದೂ ಉಪಯೋಗವೇ, ತೆಗಳುತ್ತಿಲ್ಲ. ‘4ಕೆ 120’ ಎಂದು ಮಾರುವುದು ತಪ್ಪು. ಇನ್ನೊಂದು ಕಿತಾಪತಿ: ಒಂದೇ ಸರಣಿಯಲ್ಲಿ 55 ಮತ್ತು 65 ಇಂಚಿಗೆ 120 ಹರ್ಟ್ಸ್ ಪ್ಯಾನೆಲ್ ಹಾಕಿ, 43 ಮತ್ತು 50ಕ್ಕೆ 60 ಹರ್ಟ್ಸ್ ಹಾಕುವ ಕಂಪನಿಗಳುಂಟು. ಸರಣಿಯ ಹೆಸರು ನಂಬಬಾರದು, ಆ ಅಳತೆಯ ಪೂರ್ತಿ ಮಾಡೆಲ್ ನಂಬರನ್ನೇ ನೋಡಬೇಕು.

ಹಾಗಾದರೆ ಎಲ್ಲರಿಗೂ 120 ಬೇಕೇ? ಬೇಡ. ಪ್ಲೇಸ್ಟೇಷನ್ 4 ಇರುವ ಮನೆಗೆ 60 ಧಾರಾಳ ಸಾಕು. ಪ್ಲೇಸ್ಟೇಷನ್ 5ರಲ್ಲೂ ಹೆಚ್ಚಿನ ಆಟಗಳು ಓಡುವುದು 30 ಅಥವಾ 60ರಲ್ಲೇ. ಆದರೆ ವಿಆರ್‌ಆರ್ (ವೇರಿಯಬಲ್ ರಿಫ್ರೆಶ್ ರೇಟ್) ಬೇಕೆನ್ನುವವರು 120 ಹರ್ಟ್ಸ್ ಪ್ಯಾನೆಲ್ ಕೊಳ್ಳುವುದೇ ಸರಿ. ಆಟದ ವೇಗ ಸೆಕೆಂಡಿಗೆ 52 ಚಿತ್ರ, 57 ಚಿತ್ರ ಎಂದು ಏರಿಳಿದಾಗ ಪರದೆಯೂ ಅದಕ್ಕೆ ಹೊಂದಿಕೊಂಡು, ಚಿತ್ರ ಅಡ್ಡಕ್ಕೆ ಹರಿದಂತೆ ಕಾಣದ ಹಾಗೆ ಮಾಡುವುದು ವಿಆರ್‌ಆರ್. ಪ್ಲೇಸ್ಟೇಷನ್ 5 ಇದನ್ನು 48ರಿಂದ 120 ಹರ್ಟ್ಸ್ ವ್ಯಾಪ್ತಿಯಲ್ಲಿ ಮಾಡುತ್ತದೆ. 60ಕ್ಕೇ ನಿಲ್ಲುವ ಪ್ಯಾನೆಲ್‌ನಲ್ಲಿ ಆ ವ್ಯಾಪ್ತಿಯ ಬಹುಪಾಲು ಸಿಗುವುದೇ ಇಲ್ಲ. ಮನೆಮಂದಿ ಧಾರಾವಾಹಿ ನೋಡುವ, ಹುಡುಗ ರಜೆಯಲ್ಲಿ ಮಾತ್ರ ಆಡುವ ಮನೆಯಾದರೆ ಹೆಸರಿಗಷ್ಟೇ 120 ಇರುವ ಮಂಕು ಟಿವಿಗಿಂತ, ಕಪ್ಪು ಕಪ್ಪಾಗಿ ಕಾಣುವ ಒಳ್ಳೆಯ 60 ಹರ್ಟ್ಸ್ ಟಿವಿಯೇ ವಾಸಿ.

ಎಚ್‌ಡಿಎಂಐ ವಿಷಯಕ್ಕೆ ಬಂದರೆ, ‘2.1’ ಎಂದು ಬರೆದ ಮಾತ್ರಕ್ಕೆ ಏನೂ ಖಾತ್ರಿಯಾಗುವುದಿಲ್ಲ. ಹಳೆಯ 2.0ರ ಮಿತಿ ಸೆಕೆಂಡಿಗೆ 18 ಗಿಗಾಬಿಟ್ ಮಾಹಿತಿ, 2.1ರದ್ದು 48ರವರೆಗೆ. ಆದರೆ 2.1ರ ಒಂದೊಂದು ಸೌಲಭ್ಯವೂ ಐಚ್ಛಿಕ. 18 ಗಿಗಾಬಿಟ್‌ನ ಪೋರ್ಟ್‌ಗೂ ಆ ಚೀಟಿ ಅಂಟಿಸಲು ನಿಯಮದಲ್ಲೇ ಅವಕಾಶವಿದೆ. ‘ಈ ಟಿವಿಯಲ್ಲಿ 4ಕೆ 120 ತೆಗೆದುಕೊಳ್ಳುವ ಪೋರ್ಟ್ ಎಷ್ಟು, ಯಾವ ನಂಬರಿನವು’ ಎಂದು ನೇರವಾಗಿ ಕೇಳಬೇಕು. ಎಷ್ಟೋ ಟಿವಿಗಳಲ್ಲಿ ನಾಲ್ಕರಲ್ಲಿ ಎರಡು ಮಾತ್ರ ಅಂಥವು, ಆ ಎರಡರಲ್ಲಿ ಒಂದು ಸೌಂಡ್‌ಬಾರ್‌ಗೆ ಬೇಕಾದ ಇಎಆರ್‌ಸಿ ಪೋರ್ಟೇ ಆಗಿರುತ್ತದೆ. ಸೌಂಡ್‌ಬಾರ್ ಹಾಕಿದಿರೋ, ಉಳಿಯುವುದು ಒಂದು. ಮನೆಯಲ್ಲಿ ಪ್ಲೇಸ್ಟೇಷನ್ ಜತೆ ಹೊಸ ಗ್ರಾಫಿಕ್ಸ್ ಕಾರ್ಡಿನ ಪಿಸಿಯೂ ಇದ್ದರೆ ನಾಲ್ಕೂ ಪೋರ್ಟ್ 2.1 ಇರುವ ಟಿವಿ ಹುಡುಕಬೇಕು. ಸೆಟ್‌ಟಾಪ್ ಬಾಕ್ಸ್‌ಗೆ ಯಾವ ಪೋರ್ಟಾದರೂ ನಡೆಯುತ್ತದೆ.

ಮನೆಗೆ ತಂದ ಮೇಲೆ ಎಚ್‌ಡಿಆರ್ (ಬೆಳಕು-ಕತ್ತಲೆಯ ಅಂತರ ಹೆಚ್ಚಿಸಿ ತೋರಿಸುವ ಚಿತ್ರ) ಬರುತ್ತಿಲ್ಲ, 120 ಬರುತ್ತಿಲ್ಲ ಎಂಬ ದೂರಿಗೆ ಎಷ್ಟೋ ಸಲ ಕಾರಣ ಟಿವಿಯ ಒಂದು ಸೆಟ್ಟಿಂಗ್. ಪ್ರತಿ ಎಚ್‌ಡಿಎಂಐ ಪೋರ್ಟಿಗೂ ಬೇರೆಯಾಗಿ ‘ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟ್’, ‘ಡೀಪ್ ಕಲರ್’, ‘ಇನ್‌ಪುಟ್ ಸಿಗ್ನಲ್ ಪ್ಲಸ್’ ಎಂದು ಒಂದೊಂದು ಕಂಪನಿ ಒಂದೊಂದು ಹೆಸರಿಡುತ್ತದೆ; ಕಾರ್ಖಾನೆಯಿಂದ ಅದು ಅನೇಕ ಸಲ ‘ಸ್ಟ್ಯಾಂಡರ್ಡ್’ನಲ್ಲೇ ಬಂದಿರುತ್ತದೆ. ಅದನ್ನು ‘ಎನ್‌ಹಾನ್ಸ್ಡ್’ ಮಾಡಿ, ಪ್ಲೇಸ್ಟೇಷನ್‌ನ ಸೆಟ್ಟಿಂಗ್ಸ್‌ನಲ್ಲಿ ‘ಸ್ಕ್ರೀನ್ ಆ್ಯಂಡ್ ವಿಡಿಯೊ’ ಒಳಗಿನ ‘ವಿಡಿಯೊ ಔಟ್‌ಪುಟ್ ಇನ್ಫರ್ಮೇಶನ್’ ತೆರೆದರೆ ಟಿವಿ ಏನೇನು ಒಪ್ಪುತ್ತದೆ ಎಂಬುದು ಸಾಲಾಗಿ ಬರುತ್ತದೆ. 120 ಹರ್ಟ್ಸ್ ಎದುರು 3840×2160 ಇದ್ದರೆ ಸಿಗ್ನಲ್ ಸರಿ; ಬರೀ 1920×1080 ಇದ್ದರೆ ಪೋರ್ಟೋ ಸೆಟ್ಟಿಂಗೋ ತಪ್ಪು, ಇಲ್ಲವೇ ಟಿವಿಯೇ 4ಕೆ 120 ತೆಗೆದುಕೊಳ್ಳುವಂಥದ್ದಲ್ಲ. ಪ್ಲೇಸ್ಟೇಷನ್ 5ರ ಪೆಟ್ಟಿಗೆಯಲ್ಲಿ ಬಂದ ಕೇಬಲನ್ನೇ ಬಳಸಿ. ಉದ್ದದ್ದು ಬೇಕಾದರೆ ‘ಅಲ್ಟ್ರಾ ಹೈ ಸ್ಪೀಡ್’ ಎಂಬ ಪ್ರಮಾಣಿತ ಚೀಟಿ ಇರುವುದನ್ನು ತರಬೇಕು, ಮೂರು ಮೀಟರ್ ಮೀರದಿರುವುದು ಕ್ಷೇಮ. ಕೇಬಲ್ ಸಾಲದಿದ್ದಾಗ ಪರದೆ ಕ್ಷಣಕ್ಕೊಮ್ಮೆ ಕಪ್ಪಾಗಿ ಮತ್ತೆ ಬರುತ್ತದೆ, ಇಲ್ಲವೇ ಬಿಳಿ ಚುಕ್ಕೆ ಮಿನುಗುತ್ತವೆ. ಟಿವಿ ಕೆಟ್ಟಿತೆಂದು ಹೆದರಬೇಕಾಗಿಲ್ಲ.

ಎಚ್‌ಡಿಆರ್ ಬಗ್ಗೆ ಎರಡೇ ಮಾತು. ಅಗ್ಗದ 4ಕೆ ಟಿವಿಗಳ ಬೆಳಕು 250ರಿಂದ 350 ನಿಟ್ಸ್. ಅವು ಎಚ್‌ಡಿಆರ್ ಸಿಗ್ನಲನ್ನು ಓದುತ್ತವೆ, ತೋರಿಸಲಾರವು. ಚಿತ್ರ ಇನ್ನಷ್ಟು ಕತ್ತಲಾಗುವುದೇ ಹೆಚ್ಚು. 600 ನಿಟ್ಸ್ ದಾಟಿದರೆ ವ್ಯತ್ಯಾಸ ಕಾಣತೊಡಗುತ್ತದೆ, 1000ಕ್ಕೆ ನಿಜವಾದ ಸೊಗಸು. ಎಚ್‌ಡಿಆರ್‌ನದ್ದೇ ಒಂದು ಬಗೆಯಾದ ಡಾಲ್ಬಿ ವಿಷನ್‌ಗಾಗಿ ಹೆಚ್ಚು ಹಣ ಕೊಡುವ ಮೊದಲು ಪ್ಲೇಸ್ಟೇಷನ್ 5 ಅದನ್ನು ಕೊಡುವುದಿಲ್ಲ, ಇನ್ನೊಂದು ಗೇಮ್ ಯಂತ್ರ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಕೊಡುತ್ತದೆ ಎಂಬುದು ತಿಳಿದಿರಲಿ.

ಪ್ಯಾನೆಲ್ ಆರಿಸುವಾಗ ಕೋಣೆ ನೋಡಬೇಕು. ಕ್ಯೂಎಲ್‌ಇಡಿ ಎಂದರೆ ಬಣ್ಣಕ್ಕೊಂದು ಪದರ, ಹಿಂದೆ ಇರುವುದು ಅದೇ ಎಲ್‌ಇಡಿ ಬೆಳಕು. ಆ ಬೆಳಕು ಎಷ್ಟು ವಲಯಗಳಾಗಿ ಬೇರೆಬೇರೆ ಮಂದವಾಗಬಲ್ಲದು ಎಂಬುದರಲ್ಲೇ ಗುಟ್ಟಿರುವುದು. ಮಿನಿ ಎಲ್‌ಇಡಿಯಲ್ಲಿ ನೂರಾರು ವಲಯ, ಸಾಮಾನ್ಯ ಟಿವಿಯಲ್ಲಿ ಒಂದೂ ಇಲ್ಲ. ಎಲ್‌ಇಡಿ ಟಿವಿಯ ಪ್ಯಾನೆಲ್‌ನಲ್ಲಿ ವಿಎ, ಐಪಿಎಸ್ ಎಂದು ಎರಡು ಬಗೆ. ವಿಎ ಪ್ಯಾನೆಲ್‌ನ ಕಾಂಟ್ರಾಸ್ಟ್ (ಬಿಳುಪಿಗೂ ಕಪ್ಪಿಗೂ ಇರುವ ಅಂತರ) 3000ಕ್ಕೆ 1ರಿಂದ ಮೇಲಕ್ಕೆ, ಐಪಿಎಸ್‌ನದ್ದು 1000ಕ್ಕೆ 1ರ ಸುತ್ತ. ಶಿರಸಿ, ಸಿದ್ದಾಪುರ ಕಡೆಯ ಹೆಂಚಿನ ಮನೆಯ ನಡುಮನೆ ಹಗಲಲ್ಲೂ ಮಬ್ಬು. ಅಲ್ಲಿ ಐಪಿಎಸ್ ಹಾಕಿದರೆ ರಾತ್ರಿಯ ದೃಶ್ಯಗಳೆಲ್ಲ ಬೂದಿ ಬಣ್ಣ. ವಿಎ ಅಥವಾ ಒಎಲ್‌ಇಡಿ ಒಪ್ಪುತ್ತದೆ. ಪಡುವಣ ಕಿಟಕಿಯಿಂದ ಸಮುದ್ರದ ಬೆಳಕು ನುಗ್ಗುವ ಕಾರವಾರದ ಫ್ಲ್ಯಾಟಿಗೆ ಮಿನಿ ಎಲ್‌ಇಡಿ. ಹತ್ತು ಜನ ಅಗಲಕ್ಕೆ ಕುಳಿತು ನೋಡುವ ಜಗಲಿಯಲ್ಲಿ ಮಾತ್ರ ಐಪಿಎಸ್‌ಗೆ ಅರ್ಥವಿದೆ, ಬದಿಯಿಂದ ವಿಎ ಬಿಳಚಿಕೊಳ್ಳುತ್ತದೆ. 55 ಇಂಚನ್ನು ಆಟಕ್ಕಾಗಿ ಆರೇಳು ಅಡಿಯಿಂದ ನೋಡುವುದು ಹಿತ. ಹನ್ನೆರಡು ಅಡಿ ದೂರ ಕುಳಿತರೆ 4ಕೆ ವಿವರ ಕಣ್ಣಿಗೆ ಸಿಗುವುದಿಲ್ಲ.

ಒಎಲ್‌ಇಡಿಯಲ್ಲಿ ಪ್ರತಿ ಬಿಂದುವೂ ತಾನೇ ಬೆಳಗಿ ತಾನೇ ಆರುತ್ತದೆ, ಆಟಕ್ಕೆ ಅದರಷ್ಟು ಚುರುಕು ಬೇರೆ ಇಲ್ಲ. ಅಪಾಯವಿರುವುದು ನಮ್ಮ ನ್ಯೂಸ್ ಚಾನೆಲ್‌ಗಳಲ್ಲಿ. ಬೆಳಗಿನಿಂದ ರಾತ್ರಿಯವರೆಗೆ ಕೆಳಗೆ ಅದೇ ಕೆಂಪು ಪಟ್ಟಿ, ಮೂಲೆಯಲ್ಲಿ ಅದೇ ಲೋಗೊ. ವರ್ಷಗಟ್ಟಲೆ ಹೀಗಾದರೆ ಅದರ ಗುರುತು ಪರದೆಯಲ್ಲೇ ಉಳಿದುಬಿಡುತ್ತದೆ, ಅನೇಕ ಕಂಪನಿಗಳ ವಾರಂಟಿ ಅದಕ್ಕೆ ಸಿಗುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕು ಸೇರುತ್ತದೆ. ಕೆಲವು ತಾಸು ಓಡಿದ ಒಎಲ್‌ಇಡಿ ಟಿವಿ, ರಿಮೋಟ್‌ನಿಂದ ಆರಿಸಿದ ಮೇಲೆ ತನ್ನಷ್ಟಕ್ಕೆ ಬಿಂದುಗಳ ಸವೆತ ಅಳೆದು ಸರಿಪಡಿಸಿಕೊಳ್ಳುತ್ತದೆ. ಸಿಡಿಲಿನ ಭಯಕ್ಕೆ ನಾವು ಗೋಡೆಯ ಸ್ವಿಚ್ಚನ್ನೇ ಆರಿಸುತ್ತೇವೆ, ಆ ಕೆಲಸ ನಡೆಯುವುದೇ ಇಲ್ಲ. ರಿಮೋಟ್‌ನಿಂದ ಆರಿಸಿ, ಹತ್ತು ಹದಿನೈದು ನಿಮಿಷ ಬಿಟ್ಟು ಸ್ವಿಚ್ ತೆಗೆಯಬೇಕು. ಗುಡುಗು ಬರುವ ಸೂಚನೆ ಕಂಡರೆ ಕಾಯುತ್ತ ಕೂರಬೇಡಿ, ಅದು ಶುರುವಾಗುವ ಮೊದಲೇ ಪ್ಲಗ್ ಕೀಳಿ; ಶುರುವಾದ ಮೇಲೆ ಪ್ಲಗ್, ಕೇಬಲ್ ಮುಟ್ಟಬೇಡಿ.

ಸಿಡಿಲು ಬರುವುದು ಕರೆಂಟಿನ ದಾರಿಯಿಂದ ಮಾತ್ರ ಅಂದುಕೊಂಡವರೇ ಹೆಚ್ಚು. ಮಾಡಿನ ಮೇಲಿನ ಡಿಶ್‌ನಿಂದ ಕೇಬಲ್ ಮೂಲಕ ಸೆಟ್‌ಟಾಪ್ ಬಾಕ್ಸ್‌ಗೆ, ಅಲ್ಲಿಂದ ಎಚ್‌ಡಿಎಂಐ ಹಿಡಿದು ಟಿವಿಯ ಮೇನ್‌ಬೋರ್ಡಿಗೆ ಇಳಿಯುತ್ತದೆ. ಇಂಟರ್‌ನೆಟ್‌ನ ತಾಮ್ರದ ತಂತಿಯಿಂದಲೂ ಹಾಗೆಯೇ. ಏಪ್ರಿಲ್, ಮೇ ಮತ್ತು ಅಕ್ಟೋಬರ್‌ನ ಸಂಜೆ ಮಳೆಗೆ ಮೊದಲು ಪ್ಲಗ್ ಜತೆ ಡಿಶ್ ಕೇಬಲನ್ನೂ ಬಿಚ್ಚಿಡಬೇಕು. ಇಂದಿನ ಹೆಚ್ಚಿನ ಟಿವಿಗಳು 100ರಿಂದ 240 ವೋಲ್ಟ್‌ವರೆಗೆ ತಾವೇ ಹೊಂದಿಕೊಳ್ಳುವುದರಿಂದ, ಕಡಿಮೆ ವೋಲ್ಟೇಜಿಗೆಂದು ಸ್ಟೆಬಿಲೈಸರ್ ಕೊಳ್ಳುವ ಮೊದಲು ಹಿಂಬದಿಯ ಚೀಟಿ ಓದಿ. ಸರ್ಜ್ ಪ್ರೊಟೆಕ್ಟರ್ ಖಂಡಿತ ಬೇಕು, ಆದರೆ ಹೆಚ್ಚುವರಿ ಒತ್ತಡವನ್ನು ಅದು ತಳ್ಳುವುದು ಅರ್ಥಿಂಗ್‌ಗೆ. ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ಥಿಂಗ್ ಗುಂಡಿಗೆ ನೀರು ಹೊಯ್ಯದಿದ್ದರೆ ಪ್ರೊಟೆಕ್ಟರ್ ಇದ್ದೂ ಇಲ್ಲದಂತೆ.

ಮಳೆಗಾಲದ ಮಾತು ಬೇರೆ. ಪಡುವಣ ಗೋಡೆ ನೀರು ಕುಡಿಯುವ ಮನೆಯಲ್ಲಿ ಆ ಗೋಡೆಗೆ ಟಿವಿ ಬೇಡ. ಬೇರೆ ಗೋಡೆಗಾದರೂ ಹಿಂದೆ ಗಾಳಿಯಾಡುವಷ್ಟು ಜಾಗ ಬಿಡಿ. ಚಿರೆಕಲ್ಲಿಗೆ ಪೆಟ್ಟಿಗೆಯಲ್ಲಿ ಬರುವ, ಸ್ಕ್ರೂ ಕೂರಿಸುವ ಗಿಡ್ಡ ಪ್ಲಗ್ ಗಟ್ಟಿಯಾಗಿ ಹಿಡಿಯುವುದಿಲ್ಲ, ಉದ್ದದ ಆ್ಯಂಕರ್ ಅಥವಾ ಮರದ ಹಲಗೆ ಕೊಟ್ಟೇ ನೇತುಹಾಕಬೇಕು. ದಿನಕ್ಕೆ ಒಂದೆರಡು ತಾಸು ಟಿವಿ ಓಡಿದರೆ ಅದರ ಬಿಸಿಗೇ ಒಳಗಿನ ತೇವ ಆರುತ್ತದೆ. ಪರದೆ ಒರೆಸಲು ನೇರವಾಗಿ ಸ್ಪ್ರೇ ಹೊಡೆಯುವ ಅಭ್ಯಾಸವೊಂದು ಎಷ್ಟೋ ಹೊಸ ಟಿವಿಗಳನ್ನು ತಿಂದಿದೆ. ಹನಿ ಗಾಜಿನ ಮೇಲೆ ಜಾರಿ ಕೆಳಗಿನ ಅಂಚಿನ ಪಟ್ಟಿಯೊಳಗೆ ಇಳಿಯುತ್ತದೆ. ಕೂದಲೆಳೆಯಷ್ಟು ತೆಳ್ಳಗಿನ ಸಂಪರ್ಕಗಳು ಪರದೆಗೆ ಅಂಟಿಕೊಂಡಿರುವುದು ಅಲ್ಲೇ. ಕೆಲವು ವಾರದಲ್ಲಿ ಅವು ಹಸಿರುಗಟ್ಟಿ ಪರದೆಯಲ್ಲಿ ಉದ್ದಗೆರೆ ಮೂಡುತ್ತದೆ, ಪ್ಯಾನೆಲನ್ನೇ ಬದಲಿಸಬೇಕು, ಅದರ ಖರ್ಚು ಹೊಸ ಟಿವಿಯ ಹತ್ತಿರಕ್ಕೆ ಹೋಗುತ್ತದೆ. ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಮೆತ್ತನೆ ಬಟ್ಟೆ ಸಾಕು. ಎಲ್‌ಇಡಿ ಟಿವಿಯ ಬ್ಯಾಕ್‌ಲೈಟನ್ನು ಸದಾ ನೂರಕ್ಕೆ ಇಡುವುದೂ ಒಳ್ಳೆಯದಲ್ಲ. ಪಟ್ಟಿಯಲ್ಲಿ ದೀಪಗಳು ಸಾಲಾಗಿ ಪೋಣಿಸಿರುವುದರಿಂದ ಒಂದು ಸುಟ್ಟರೆ ಇಡೀ ಸಾಲು ಆರುತ್ತದೆ; ಶಬ್ದ ಇದೆ ಚಿತ್ರ ಇಲ್ಲ ಎನ್ನುವ ದೂರಿನ ಸಾಮಾನ್ಯ ಕಾರಣ ಇದು. ಗೇಮ್ ಮೋಡ್ ಬಿಟ್ಟು ಬೇರೆ ಹೊತ್ತಿನಲ್ಲಿ ಅರವತ್ತು ಎಪ್ಪತ್ತಕ್ಕೆ ಇಳಿಸಿಡಿ.

ಅಂಗಡಿಯಲ್ಲಿ ಟಿವಿಗಳು ‘ಸ್ಟೋರ್ ಮೋಡ್’ನಲ್ಲಿ ಕಣ್ಣು ಕುಕ್ಕುವಂತೆ ಓಡುತ್ತಿರುತ್ತವೆ. ‘ಹೋಮ್ ಮೋಡ್’ಗೆ ಬದಲಿಸಿ, ಚಿತ್ರವನ್ನು ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ಗೆ ಹಾಕಿಸಿ. ಕಂಪನಿಯ ಹೂವು, ಹಕ್ಕಿಯ ವಿಡಿಯೊ ಬೇಡ. ಪೆನ್‌ಡ್ರೈವ್‌ನಲ್ಲಿ ಪೂರ್ತಿ ಬೂದು ಬಣ್ಣದ ಒಂದು ಚಿತ್ರ, ಕಪ್ಪಿನ ಮೇಲೆ ಬಿಳಿ ಅಕ್ಷರದ ಇನ್ನೊಂದು ಒಯ್ಯಿರಿ. ಮೊದಲನೆಯದರಲ್ಲಿ ಕೊಳೆ ಹಿಡಿದಂಥ ಕಲೆ ಇದೆಯೇ, ಎರಡನೆಯದರಲ್ಲಿ ಅಕ್ಷರದ ಸುತ್ತ ಬೆಳಕಿನ ಪ್ರಭೆ ಎಷ್ಟು ಹರಡುತ್ತದೆ ನೋಡಿ. ಆಮೇಲೆ ಗೇಮ್ ಮೋಡ್ ಹಾಕಿ ಮತ್ತೆ ಕಪ್ಪು ನೋಡಿ. ಕೆಲವು ಟಿವಿಗಳು ಗೇಮ್ ಮೋಡ್‌ನಲ್ಲಿ ವಲಯಗಳ ಕೆಲಸ ಕಡಿಮೆ ಮಾಡಿಬಿಡುತ್ತವೆ. ಎಸ್‌ಡಿ (ಕಡಿಮೆ ವಿವರದ ಹಳೆಯ ಬಗೆಯ) ಚಾನೆಲೊಂದನ್ನೂ ಹಾಕಿಸಿ ನೋಡಿ, ಮನೆಯ ಹಿರಿಯರು ದಿನಾ ನೋಡುವುದು ಅದನ್ನೇ. ಹುಬ್ಬಳ್ಳಿಯಲ್ಲಿ ಕೊಂಡು ಅರಬೈಲ್ ಘಟ್ಟ ಇಳಿಸಿ ತರುವವರು ಪೆಟ್ಟಿಗೆ ನಿಲ್ಲಿಸಿಯೇ ತರಬೇಕು. ಮಲಗಿಸಿದರೆ ತಿರುವುಗಳ ಕುಲುಕಾಟಕ್ಕೆ ಗಾಜು ಬಿರಿಯುತ್ತದೆ, ಅದಕ್ಕೆ ವಾರಂಟಿ ಇಲ್ಲ.

ಬಿಲ್ಲಿನಲ್ಲಿ ಪೂರ್ತಿ ಮಾಡೆಲ್ ನಂಬರ್ ಜತೆಗೆ ‘ಪ್ಯಾನೆಲ್ 120 ಹರ್ಟ್ಸ್’ ಎಂದು ಅಂಗಡಿಯವರ ಕೈಯಲ್ಲೇ ಬರೆಸಿಕೊಳ್ಳಿ, ಜಾಹೀರಾತಿನ ತುಣುಕನ್ನೂ ಕತ್ತರಿಸಿ ಇಟ್ಟುಕೊಳ್ಳಿ. ಹೇಳಿದ್ದೊಂದು ಕೊಟ್ಟಿದ್ದೊಂದು ಆದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಕಾರವಾರದಲ್ಲೇ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೂ ಕ್ರಮವಿದೆ. ಅಲ್ಲಿ ಲೆಕ್ಕಕ್ಕೆ ಬರುವುದು ಕಾಗದದ ಮೇಲೆ ಇದ್ದದ್ದು ಮಾತ್ರ. ಮುಂದಿನ ವಾರದ ದೀಪಾವಳಿ ಪುರವಣಿಗೆ ಜಾಹೀರಾತು ತೆಗೆದುಕೊಳ್ಳುವಾಗ ಮೇಲಿನ ನಾಲ್ಕು ಸಂಗತಿಗಳಿಗೆ ಒಂದು ಸಾಲು ಜಾಗ ಇಡುವಂತೆ ನಿಮ್ಮ ಜಾಹೀರಾತು ವಿಭಾಗದವರಿಗೆ ಹೇಳಬೇಕೆಂದು ವಿನಂತಿ.

– ಟಿವಿ ರಿಪೇರಿ ವೃತ್ತಿಯ ಓದುಗ, ಕೋಡಿಬಾಗ, ಕಾರವಾರ