ತವರಿನಲ್ಲೇ ಬೇಡವಾದ ವಿಮಾನ

ಮಾನ್ಯರೇ,

ನಮ್ಮ ಯುದ್ಧವಿಮಾನ ತೇಜಸ್‌ನ ರಫ್ತಿನ ಮಾತು ಬಂದಾಗಲೆಲ್ಲ ನನಗೆ ಅಮೆರಿಕದ ಎಫ್-20 ಟೈಗರ್‌ಶಾರ್ಕ್ ಯುದ್ಧವಿಮಾನ ನೆನಪಾಗುತ್ತದೆ. ತೇಜಸ್‌ನಂತೆ ಅದರಲ್ಲಿದ್ದದ್ದೂ ಜಿಇ ಕಂಪನಿಯ ಎಫ್404 ಎಂಜಿನ್ನೇ. ಅದನ್ನು ತಯಾರಿಸಿದ ನಾರ್ಥ್ರಾಪ್ ಕಂಪನಿ 100 ಕೋಟಿ ಡಾಲರಿಗೂ ಹೆಚ್ಚು ಸ್ವಂತ ಹಣ ಸುರಿದಿತ್ತು. 1982ರಲ್ಲಿ ಮೊದಲು ಹಾರಿದ ಈ ಹಗುರ ವಿಮಾನ ಬಲು ಚುರುಕು, ನಿರ್ವಹಣೆಯೂ ಸುಲಭ. ಆದರೆ ಅಮೆರಿಕದ ಅಧ್ಯಕ್ಷ ರೇಗನ್ ಅವರ ಸರ್ಕಾರ ತನ್ನ ವಾಯುಪಡೆಯೇ ಬಳಸುತ್ತಿದ್ದ ಪ್ರತಿಸ್ಪರ್ಧಿ ವಿಮಾನ ಎಫ್-16 ಅನ್ನೇ ಹೊರದೇಶಗಳಿಗೆ ಮಾರಲು ಬಿಟ್ಟಿತು. ತೈವಾನ್‌ಗೆ ಎಫ್-20 ಕೊಡಲು ಒಪ್ಪಲಿಲ್ಲ. ಹಾರಿದ ಮೂರರಲ್ಲಿ ಎರಡು ಬಿದ್ದು ಇಬ್ಬರು ಪೈಲಟ್‌ಗಳು ತೀರಿಕೊಂಡರು, ಪಾಪ. ಅಮೆರಿಕದ ವಾಯುಪಡೆಯೇ ಕೊಳ್ಳದ್ದನ್ನು ಬೇರೆಯವರು ಹೇಗೆ ನಂಬಿಯಾರು? 1986ರಲ್ಲಿ ಯೋಜನೆ ನಿಂತಿತು.

ನಮ್ಮ ವಾಯುಪಡೆಗಾಗಿ ರಕ್ಷಣಾ ಸಚಿವಾಲಯ 2021ರಲ್ಲೇ 83 ತೇಜಸ್ ವಿಮಾನಗಳಿಗೆ ಒಪ್ಪಂದ ಮಾಡಿಕೊಂಡಿದೆ. ತೇಜಸ್ ತಯಾರಿಸುವ ಎಚ್‌ಎಎಲ್ ಮೊದಲು ಅವನ್ನು ಪೂರೈಸಲಿ. ಹೊರದೇಶದ ಗಿರಾಕಿಗಳು ನೋಡುವುದು ಅದನ್ನೇ.

– ಓದುಗ, ಬೆಂಗಳೂರು