ಮ್ಯಾಪ್ ಡೇಟಾಬೇಸ್ ಬದಲಾಯ್ತು, ರೇಟೂ ಬದಲಾಯ್ತು: ನಮ್ಮ ಗ್ರಾಹಕರಿಗೆ ಒಂದು ಪತ್ರ

ಎಲ್ರಿಗೂ ನಮಸ್ಕಾರ,

ಈ ಸಲ ಶೀಟ್‌ಗಳು, ಅಂದ್ರೆ ಯಾವ ಕಲ್ಲು ಎಲ್ಲಿದೆ ಅಂತ ತೋರಿಸೋ ನಮ್ಮ ಭೂವಿಜ್ಞಾನ ಮ್ಯಾಪ್‌ಗಳು, ತಡ ಆಗಿವೆ, ರೇಟು ಜಾಸ್ತಿ ಆಗಿದೆ, ಫೈಲ್ ಫಾರ್ಮ್ಯಾಟೂ ಬೇರೆ ಆಗಿದೆ, ಮೂರೂ ಒಂದೇ ಸಲ ಬಂದ್ರೆ ಯಾರಿಗಾದ್ರೂ ಸಿಟ್ಟು ಬರುತ್ತೆ. ತಡಕ್ಕೆ ಕ್ಷಮೆ ಕೇಳ್ತೀವಿ, ಅದರಲ್ಲಿ ಎರಡು ಮಾತಿಲ್ಲ. ಮಳೆ ಹಿಡಿಯೋ ಮುಂಚೆ ಬೋರ್ ಪಾಯಿಂಟ್ ಮುಗಿಸ್ಬೇಕು ಅಂತ ಕಾದಿದ್ದೋರಿಗೆ, ನಮ್ಮ ಶೀಟ್ ನಂಬ್ಕೊಂಡು ಫೀಲ್ಡ್ ವರ್ಕ್ ಮುಂದೆ ಹಾಕಿದ ಎಂ.ಎಸ್ಸಿ ಹುಡುಗ್ರಿಗೆ ನಿಜವಾಗ್ಲೂ ತೊಂದ್ರೆ ಆಗಿದೆ. ಆದ್ರೆ ರೇಟಿಗೆ ಕ್ಷಮೆ ಕೇಳಲ್ಲ. ಯಾಕೆ ಅಂತ ಬರೀತೀವಿ, ಸ್ವಲ್ಪ ಉದ್ದ ಆಗುತ್ತೆ, ಓದಿ.

ಆಗಿರೋ ಬದಲಾವಣೆ ಇಷ್ಟು. ಇಲ್ಲೀತನಕ ಆರ್ಕ್‌ಮ್ಯಾಪ್ ಅನ್ನೋ ಮ್ಯಾಪ್ ಸಾಫ್ಟ್‌ವೇರಲ್ಲಿ, ಒಂದೊಂದು ಶೀಟಿಗೆ ಒಂದೊಂದು ಪರ್ಸನಲ್ ಜಿಯೋಡೇಟಾಬೇಸ್ ಇಟ್ಕೊಂಡು ಕೆಲಸ ಮಾಡ್ತಿದ್ವಿ. ಅದು ಅಸಲಿಗೆ ಮೈಕ್ರೋಸಾಫ್ಟ್ ಆಕ್ಸೆಸ್‌ನ ಎಂಡಿಬಿ ಫೈಲು, 2 ಜಿಬಿ ದಾಟಂಗಿಲ್ಲ, ಒಬ್ರು ಎಡಿಟ್ ಮಾಡ್ತಿದ್ರೆ ಇನ್ನೊಬ್ರು ಕೈಕಟ್ಟಿ ಕೂತಿರ್ಬೇಕು. ಆರ್ಕ್‌ಮ್ಯಾಪ್ ಸಪೋರ್ಟ್ 2026ರ ಮಾರ್ಚ್ 1ಕ್ಕೆ ಮುಗೀತು, ಅದರ ಜಾಗಕ್ಕೆ ಬಂದಿರೋ ಆರ್ಕ್‌ಜಿಐಎಸ್ ಪ್ರೋ ಆ ಎಂಡಿಬಿನ ಓದೋದೇ ಇಲ್ಲ. ಹೇಗೂ ಮನೆ ಖಾಲಿ ಮಾಡ್ಲೇಬೇಕು ಅಂದ್ಮೇಲೆ ಎಲ್ಲ ಶೀಟ್‌ಗಳನ್ನೂ ಒಂದೇ ಪೋಸ್ಟ್‌ಜಿಐಎಸ್ ಡೇಟಾಬೇಸ್‌ಗೆ ತಂದ್ವಿ, ಡ್ರಾಯಿಂಗು ಪ್ರಿಂಟು ಎಲ್ಲ ಈಗ ಕ್ಯೂಜಿಐಎಸ್ ಅನ್ನೋ ಸಾಫ್ಟ್‌ವೇರಲ್ಲಿ.

ಇದು ಗೊತ್ತಾದ ದಿನದಿಂದ ಫೋನಲ್ಲಿ, ಕೌಂಟರಲ್ಲಿ, ಮದುವೆ ಮನೇಲೂ ಬಿಡದೆ ಕೇಳ್ತಿರೋ ಪ್ರಶ್ನೆ ಒಂದೇ. "ಕ್ಯೂಜಿಐಎಸ್ ಫ್ರೀ ಅಲ್ವಾ? ಲೈಸೆನ್ಸ್ ದುಡ್ಡು ಉಳೀತಲ್ಲ, ಮತ್ತೆ ಶೀಟಿಗೆ 120 ರೂಪಾಯಿ ಯಾಕೆ ಏರಿಸಿದ್ರಿ?"

ಹೌದು, ಫ್ರೀ. ಪೋಸ್ಟ್‌ಜಿಐಎಸೂ ಫ್ರೀ. ಲೈಸೆನ್ಸ್ ದುಡ್ಡು ಉಳಿದಿರೋದೂ ನಿಜ, ಸುಳ್ಳು ಯಾಕೆ ಹೇಳೋಣ. ಆದ್ರೆ ನೀವು ಕೊಡ್ತಿದ್ದ ದುಡ್ಡು ಯಾವತ್ತೂ ಸಾಫ್ಟ್‌ವೇರಿಗಲ್ಲ ಸ್ವಾಮಿ, ಗೆರೆಗೆ. ಆ ಗೆರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಾನಾಗೇ ಬರಲ್ಲ.

57 ಬಿ/8 ತಗೊಳ್ಳಿ, ಚಿತ್ರದುರ್ಗ ಶೀಟು, ನಮ್ಮಲ್ಲಿ ಹೆಚ್ಚು ಹೋಗೋ ಶೀಟ್‌ಗಳಲ್ಲಿ ಒಂದು. ಹಳೇ ಫೈಲಲ್ಲಿ ಗ್ರಾನೈಟ್ ಒಂದು ಪಾಲಿಗನ್ (ಗೆರೆ ಸುತ್ತುಗಟ್ಟಿದ ಆಕಾರ), ಪಕ್ಕದ ಶಿಸ್ಟ್ (ಪದರ ಪದರದ ಕಲ್ಲು) ಇನ್ನೊಂದು ಪಾಲಿಗನ್, ಎರಡಕ್ಕೂ ಅವರವರದ್ದೇ ಬೇಲಿ. ಕಾಂಟ್ಯಾಕ್ಟ್, ಅಂದ್ರೆ ಎರಡು ಕಲ್ಲು ಸೇರೋ ಗಡಿ, ನೆಲದ ಮೇಲೆ ಒಂದೇ, ಫೈಲಲ್ಲಿ ಎರಡು ಸಲ ಎಳೆದಿರುತ್ತೆ. ಪೇಪರಲ್ಲಿ ಕಾಣಲ್ಲ. ಹೊಸ ಡೇಟಾಬೇಸ್‌ಗೆ ಹಾಕಿ ಟೋಪಾಲಜಿ ಚೆಕ್ (ಗೆರೆಗಳು ಸರಿಯಾಗಿ ಕೂಡಿವೆಯಾ ಅನ್ನೋ ಪರೀಕ್ಷೆ) ಓಡಿಸಿದ್ರೆ ಕೂದಲೆಳೆ ಥರದ ಸಂದುಗಳು, ಒಂದರ ಮೇಲೊಂದು ಹತ್ತಿರೋ ಜಾಗಗಳು, ಸ್ಕ್ರೀನ್ ತುಂಬ ಕೆಂಪು. ಒಂದೊಂದನ್ನೂ ಝೂಮ್ ಮಾಡಿ, ಇಲ್ಲಿ ಗ್ರಾನೈಟ್ ಮುಂದಕ್ಕೆ ಬರ್ಬೇಕೋ ಶಿಸ್ಟ್ ಹಿಂದಕ್ಕೆ ಹೋಗ್ಬೇಕೋ ಅಂತ ಫೀಲ್ಡ್ ನೋಟ್‌ಬುಕ್ ತೆಗೆದು ತೀರ್ಮಾನ ಮಾಡ್ಬೇಕು. ಆಟೋಮ್ಯಾಟಿಕ್ ಬಟನ್ ಇದೆ, ಒತ್ತಿದ್ರೆ ಸಂದು ಮುಚ್ಚುತ್ತೆ, ಆದ್ರೆ ಯಾವ ಕಲ್ಲಿಗೆ ಸೇರಿಸ್ತು ಅಂತ ಅದಕ್ಕೂ ಗೊತ್ತಿರಲ್ಲ. ಈಗ ಕಾಂಟ್ಯಾಕ್ಟ್ ಗೆರೆ ಒಂದೇ ಸಲ ಇರುತ್ತೆ, ಪಾಲಿಗನ್‌ಗಳು ಆ ಗೆರೆಯಿಂದಾನೇ ಹುಟ್ತಾವೆ, ಗೆರೆ ಸರಿಸಿದ್ರೆ ಎರಡೂ ಕಡೆ ಒಟ್ಟಿಗೆ ಸರಿಯುತ್ತೆ.

ಆಮೇಲೆ ಶೀಟ್ ಅಂಚು. 57 ಬಿ/8 ಪೂರ್ವಕ್ಕೆ ಮುಗಿದ್ರೆ 57 ಬಿ/12 ಶುರು. ಬೇರೆ ಬೇರೆ ಫೈಲಾಗಿದ್ದಾಗ ಒಂದು ಶೀಟಲ್ಲಿ ಮಿಗ್ಮಟೈಟ್ ಅಂತ ಬರ್ಕೊಂಡಿರೋದು ಗೆರೆ ದಾಟಿದ ತಕ್ಷಣ ಗ್ರಾನಿಟಿಕ್ ನೈಸ್ ಆಗಿರ್ತಿತ್ತು, ಯಾರೂ ಕೇಳ್ತಿರಲಿಲ್ಲ, ಯಾಕಂದ್ರೆ ಎರಡನ್ನೂ ಪಕ್ಕದಲ್ಲಿಟ್ಟು ನೋಡೋರು ಕಡಿಮೆ. ಒಂದೇ ಡೇಟಾಬೇಸ್ ಆದ್ಮೇಲೆ ಎದ್ದು ಕಾಣುತ್ತೆ. ಅದನ್ನ ಆಫೀಸಲ್ಲಿ ಕೂತು ಬಣ್ಣ ಬದಲಾಯಿಸಿ ಸರಿ ಮಾಡಕ್ಕಾಗಲ್ಲ, ಹೋಗಿ ಕಲ್ಲು ನೋಡ್ಬೇಕು. ಜೀಪು, ಡೀಸೆಲ್ಲು, ಜೊತೆಗೊಬ್ಬ ಹುಡುಗ. ನಿಮ್ಮ 120 ರೂಪಾಯಿಲಿ ದೊಡ್ಡ ಪಾಲು ಇಲ್ಲಿ ಹೋಗಿದೆ.

ಡಿಪ್ ಸ್ಟ್ರೈಕ್ ಗುರುತುಗಳದ್ದು (ಕಲ್ಲಿನ ಪದರ ಯಾವ ಕಡೆ ಓಡುತ್ತೆ, ಎಷ್ಟು ವಾಲಿದೆ ಅಂತ ತೋರಿಸೋವು) ಇನ್ನೊಂದು ಕಥೆ. ಕೋನವನ್ನ ಉತ್ತರದಿಂದ ಗಡಿಯಾರದ ದಿಕ್ಕಲ್ಲಿ ಅಳೆಯೋದು ಒಂದು ಪದ್ಧತಿ, ಪೂರ್ವದಿಂದ ಶುರು ಮಾಡಿ ಉಲ್ಟಾ ಅಳೆಯೋದು ಇನ್ನೊಂದು, ಸಾಫ್ಟ್‌ವೇರಿಗೆ ಯಾವುದು ಅಂತ ಹೇಳದೆ ಇಂಪೋರ್ಟ್ ಮಾಡಿದ್ರೆ ಉತ್ತರ-ದಕ್ಷಿಣ ಓಡೋ ಶಿಸ್ಟು ಪೂರ್ವ-ಪಶ್ಚಿಮ ಮಲಗಿಬಿಡುತ್ತೆ. ಚಿತ್ರದುರ್ಗದ ಶಿಸ್ಟ್ ಬೆಲ್ಟ್ ಗೊತ್ತಿರೋರಿಗೆ ಟೆಸ್ಟ್ ಪ್ರಿಂಟ್ ನೋಡಿದ ತಕ್ಷಣ ಗೊತ್ತಾಗುತ್ತೆ. ಗೊತ್ತಿಲ್ದೋರು ಅದನ್ನೇ ಮಾರ್ತಾರೆ, ಹೆಸರು ಬೇಡ ಬಿಡಿ.

ಊರ ಹೆಸರುಗಳನ್ನಂತೂ ಕೇಳಲೇಬೇಡಿ. ಹಳೇ ಶೀಟ್‌ಗಳಲ್ಲಿ ಕನ್ನಡವೆಲ್ಲ ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ್ದು, ಯುನಿಕೋಡ್ ಅಲ್ಲ. ಡೇಟಾಬೇಸ್‌ಗೆ ಹೋದ್ರೆ ಬರೀ ಚಿತ್ರವಿಚಿತ್ರ ಅಕ್ಷರ. ಕನ್ವರ್ಟರ್ ಇದೆ, ಓಡಿಸಿದ್ವಿ, ಆದ್ರೆ ಅರ್ಕಾವತ್ತು ಬಂದಲ್ಲಿ, ಒತ್ತಕ್ಷರ ಬಂದಲ್ಲಿ ಕಣ್ಣಲ್ಲೇ ನೋಡಿ ತಿದ್ದಬೇಕು, ಅದೂ ಹೋಬಳಿ ಹಳ್ಳಿ ಹಟ್ಟಿ ಎಲ್ಲ. ಇವತ್ತು ನಮ್ಮ ಡೇಟಾಬೇಸಲ್ಲಿ ಇಂಗಳದಾಳು ಅಂತ ಕನ್ನಡದಲ್ಲೇ ಟೈಪ್ ಮಾಡಿದ್ರೆ ಸರ್ಚಲ್ಲಿ ಸಿಗುತ್ತೆ. ನಮಗೆ ಇದು ಸಣ್ಣ ವಿಷಯ ಅಲ್ಲ.

"ಭೂಕೋಶ್‌ನಲ್ಲಿ ಜಿಎಸ್ಐ ಮ್ಯಾಪು ಹಾಗೇ ಸಿಗುತ್ತಲ್ಲ" ಅಂತಾನೂ ಕೆಲವರು ಅಂತಾರೆ. ಭೂಕೋಶ್ ಅಂದ್ರೆ ಜಿಎಸ್ಐ, ಅಂದ್ರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ, ವೆಬ್‌ಸೈಟು. ಸಿಗುತ್ತೆ, ತಗೊಳ್ಳಿ, ಒಳ್ಳೇ ಕೆಲಸ ಅದು, ನಾವೂ ದಿನಾ ನೋಡ್ತೀವಿ. ಅದರ ಮೇಲೆ ನಾವು ಓಡಾಡಿ ಸೇರಿಸಿದ ಡೈಕು (ಬೇರೆ ಕಲ್ಲಿನ ನಡುವೆ ನುಗ್ಗಿ ಗಟ್ಟಿಯಾದ ಗೋಡೆಯಂಥ ಕಲ್ಲು), ಕ್ವಾರಿ, ಔಟ್‌ಕ್ರಾಪ್ (ನೆಲದ ಮೇಲೆ ಕಾಣೋ ಕಲ್ಲು) ಬೇಕು ಅನ್ಸಿದ್ರೆ ಮಾತ್ರ ನಮ್ಮ ಹತ್ರ ಬನ್ನಿ.

ಬೋರ್‌ವೆಲ್ ಕನ್ಸಲ್ಟೆಂಟ್‌ಗಳು ಇದನ್ನ ದಯವಿಟ್ಟು ಎರಡು ಸಲ ಓದಿ. ಹಳೇ ಶೀಟ್‌ಗಳು ಎವರೆಸ್ಟ್ ಡೇಟಮ್‌ನಲ್ಲಿದ್ವು (ಡೇಟಮ್ ಅಂದ್ರೆ ಅಕ್ಷಾಂಶ ರೇಖಾಂಶ ಅಳೆಯೋಕೆ ಇಟ್ಕೊಂಡಿರೋ ಆಧಾರ), ಹೊಸದೆಲ್ಲ ಡಬ್ಲ್ಯೂಜಿಎಸ್ 84, ಅಂದ್ರೆ ನಿಮ್ಮ ಫೋನಿನ ಜಿಪಿಎಸ್ ಯಾವುದೋ ಅದೇ. ನಮ್ಮ ಕಡೆ ಇವೆರಡರ ಮಧ್ಯೆ ನೂರು ಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಇದೆ. ಡಾಲರೈಟ್ ಡೈಕು ಎಷ್ಟೋ ಕಡೆ ಅದರ ಕಾಲು ಭಾಗ ಅಗಲಾನೂ ಇರಲ್ಲ. ಹಳೇ ಶೇಪ್‌ಫೈಲನ್ನ (ಮ್ಯಾಪ್ ಫೈಲಿನ ಹಳೇ ಫಾರ್ಮ್ಯಾಟು) ಕನ್ವರ್ಟ್ ಮಾಡದೆ ಹೊಸದರ ಮೇಲೆ ಹಾಕಿದ್ರೆ ಪಾಯಿಂಟ್ ಡೈಕಿನ ಆಚೆ ಕಡೆ ಬೀಳುತ್ತೆ. ನಮ್ಮಿಂದ ತಗೊಂಡಿದ್ದ ಹಳೇ ಫೈಲ್ ಕಳಿಸಿ, ದುಡ್ಡಿಲ್ದೆ ಕನ್ವರ್ಟ್ ಮಾಡಿ ಕೊಡ್ತೀವಿ. ಇನ್ನೊಂದು, ಸ್ಕ್ರೀನಲ್ಲಿ ಎಷ್ಟು ಬೇಕಾದ್ರೂ ಝೂಮ್ ಆಗುತ್ತೆ ಅಂತ ಅದು ಸೈಟ್ ಮ್ಯಾಪ್ ಆಗಲ್ಲ. 1:50,000 ಅಂದ್ರೆ ಕಾಗದದ ಮೇಲಿನ ಅರ್ಧ ಮಿಲಿಮೀಟರ್ ಗೆರೆ ನೆಲದ ಮೇಲೆ 25 ಮೀಟರ್, ಯಾವ ಡೇಟಾಬೇಸ್ ಬಂದ್ರೂ ಅಷ್ಟೇ.

ಕೊಡೋ ಫೈಲು ಇನ್ಮೇಲೆ ಜಿಯೋಪ್ಯಾಕೇಜ್ ಫಾರ್ಮ್ಯಾಟಲ್ಲಿ. ಶೇಪ್‌ಫೈಲೇ ಬೇಕು ಅಂದ್ರೆ ಕೊಡ್ತೀವಿ, ಆದ್ರೆ ಅದರಲ್ಲಿ ಕಾಲಂ ಹೆಸರು ಹತ್ತು ಅಕ್ಷರಕ್ಕೆ ಕಟ್ ಆಗುತ್ತೆ, ಆಮೇಲೆ ನಮ್ಮನ್ನ ಬೈಬೇಡಿ. ಪಿಡಿಎಫೂ ಪೇಪರ್ ಪ್ರಿಂಟೂ ಹಾಗೇ ಇವೆ. ಗ್ರಾನೈಟಿನ ಗುಲಾಬಿ ಸ್ವಲ್ಪ ತಿಳಿಯಾಗಿದೆ ಅಂತ ಮೂರ್ನಾಲ್ಕು ಜನ ಹೇಳಿದ್ರು, ಹೌದು ಆಗಿದೆ, ಬೇಕಂತಲೇ ಮಾಡಿದ್ದು, ಮೇಲಿನ ಅಕ್ಷರ ಓದಕ್ಕಾಗ್ಲಿ ಅಂತ.

ಗೆರೆ ಎಳೆಯೋ ಕೈಗಳು ಅವೇ. ಹಳೇ ಟ್ರೇಸಿಂಗ್ ಫಿಲ್ಮ್‌ಗಳು ಬೀರುವಲ್ಲೇ ಇವೆ, ಒಂದನ್ನೂ ಬಿಸಾಕಿಲ್ಲ, ಅನುಮಾನ ಬಂದ್ರೆ ಬಂದು ಹೊಸ ಪ್ರಿಂಟ್ ಮೇಲೆ ಇಟ್ಟು ನೋಡಿ. ಎಲ್ಲಾದ್ರೂ ಹೊಂದಿಲ್ಲ ಅನ್ಸಿದ್ರೆ ಅಲ್ಲೇ ಪೆನ್ಸಿಲಲ್ಲಿ ಗುರುತು ಹಾಕಿ ಹೋಗಿ, ಈಗ ತಿದ್ದೋದು ಒಂದೇ ಜಾಗದಲ್ಲಿ, ಮುಂದಿನ ಪ್ರಿಂಟಿಗೆ ತಾನಾಗೇ ಬರುತ್ತೆ.

ಸ್ಟೂಡೆಂಟ್ ರೇಟು ಬದಲಾಗಿಲ್ಲ, ಕಾಲೇಜ್ ಐಡಿ ತನ್ನಿ ಸಾಕು. ಅಡ್ವಾನ್ಸ್ ಕೊಟ್ಟು ಕಾಯ್ತಿರೋರಿಗೆ ಹಳೇ ರೇಟೇ, ಹೊಸ ಶೀಟೇ. ಇನ್ನು ಕಾಯಕ್ಕಾಗಲ್ಲ ಅನ್ನೋರು ಫೋನ್ ಮಾಡಿ, ದುಡ್ಡು ವಾಪಸ್ ಹಾಕ್ತೀವಿ, ಬೇಜಾರಿಲ್ಲ. ಆರ್ಡರ್ ಮಾಡ್ವಾಗ ಹಳೇ ಶೀಟ್ ನಂಬರೇ (57 ಬಿ/8 ಥರದ್ದು) ಹೇಳಿ, ಡಿ43 ಅಂತ ಶುರುವಾಗೋ ಹೊಸ ನಂಬರ್ ಹುಡುಕೋ ತಲೆನೋವು ನಮಗಿರ್ಲಿ.

ಇಂತಿ,
ಮ್ಯಾಪ್ ರೂಮಿನ ಎಲ್ಲರ ಪರವಾಗಿ